ಡಿಂಗಲ್ ಸುತ್ತು: 47 ಕಿಲೋಮೀಟರಿಗೆ ಒಂದು ಇಡೀ ದಿನ

ಪ್ರಶ್ನೆ: ಜೂನ್‌ನಲ್ಲಿ ನಾವಿಬ್ಬರೂ ಐರ್ಲೆಂಡಿಗೆ ಹೊರಟಿದ್ದೇವೆ. ಕೆರ್ರಿ ಕೌಂಟಿಯ ಸ್ಲೀ ಹೆಡ್ ಡ್ರೈವ್ ಬರೀ 47 ಕಿ.ಮೀ. ಅಂತೆ. ಬೆಳಿಗ್ಗೆ ಡಬ್ಲಿನ್ ಬಿಟ್ಟು, ಅದನ್ನು ನೋಡಿಕೊಂಡು ರಾತ್ರಿಗೆ ವಾಪಸ್ ಬರಬಹುದೇ?
– ದಂಪತಿ, ಶಿವಮೊಗ್ಗ

ಉತ್ತರ: ಬೇಡ. ಡಬ್ಲಿನ್‌ನಿಂದ ಡಿಂಗಲ್ ಊರಿಗೆ ಸುಮಾರು 350 ಕಿ.ಮೀ. ಲಿಮರಿಕ್, ಟ್ರಲೀ ದಾಟಿ ಸೇರುವಷ್ಟರಲ್ಲಿ ನಾಲ್ಕೂವರೆ ಗಂಟೆ ಹಿಡಿಯುತ್ತದೆ. ಡಿಂಗಲ್‌ನಲ್ಲಿ ಎರಡು ರಾತ್ರಿ ಉಳಿದು ನಡುವಿನ ದಿನವನ್ನು ಪೂರ್ತಿ ಈ ಸುತ್ತಿಗೆ ಕೊಡಿ. ಎಲ್ಲೂ ನಿಲ್ಲದಿದ್ದರೆ ಒಂದೂವರೆ ಗಂಟೆಯಲ್ಲಿ ಮುಗಿದೀತು, ಆದರೆ ಹಾಗೆ ಓಡಿಸುವುದಾದರೆ ಅಷ್ಟು ದೂರ ಹೋಗುವುದೇಕೆ?

ಸುತ್ತನ್ನು ಗಡಿಯಾರದ ಮುಳ್ಳಿನ ದಿಕ್ಕಿನಲ್ಲೇ ಹಾಕಿ: ಡಿಂಗಲ್, ವೆಂಟ್ರಿ, ಸ್ಲೀ ಹೆಡ್, ಡನ್‌ಕ್ವಿನ್, ಕ್ಲೋಹರ್, ಬ್ಯಾಲಿಫೆರಿಟರ್, ಗ್ಯಾಲರಸ್, ಮತ್ತೆ ಡಿಂಗಲ್. ಪ್ರವಾಸಿ ಬಸ್ಸುಗಳೂ ಹೀಗೇ ಹೋಗುತ್ತವೆ. ನೀವು ಉಲ್ಟಾ ಹೊರಟರೆ ಕಡಿದಾದ ತಿರುವಿನಲ್ಲಿ ಅವು ನೇರ ಎದುರಾಗುತ್ತವೆ. ಇನ್ನೊಂದು ಲಾಭವಿದೆ. ಅಲ್ಲೂ ನಮ್ಮ ಹಾಗೆ ಎಡಗಡೆ ಓಡಿಸುವುದರಿಂದ ಸಮುದ್ರ ನಿಮ್ಮ ಎಡಕ್ಕೇ ಬರುತ್ತದೆ; ನಿಲ್ಲಿಸಲು ರಸ್ತೆ ಅಡ್ಡ ದಾಟಬೇಕಿಲ್ಲ. ನಷ್ಟ ಓಡಿಸುವವರದು, ಏಕೆಂದರೆ ನೋಟವೆಲ್ಲ ಪಕ್ಕದ ಸೀಟಿನ ಪಾಲು. ಇಬ್ಬರಿಗೂ ಲೈಸೆನ್ಸ್ ಇದ್ದರೆ ಎರಡನೆಯವರ ಹೆಸರನ್ನೂ ಬಾಡಿಗೆ ಕರಾರಿನಲ್ಲಿ ಸೇರಿಸಿ, ಅರ್ಧ ದಾರಿಯಲ್ಲಿ ಸೀಟು ಬದಲಿಸಿಕೊಳ್ಳಿ. ಹೆಸರು ಸೇರಿಸದೆ ಬದಲಿಸಿದರೆ ವಿಮೆ ಇಲ್ಲ ಎಂದೇ ಲೆಕ್ಕ.

ಮ್ಯಾಪ್‌ನಲ್ಲಿ 'ಡಿಂಗಲ್‌ನಿಂದ ಡನ್‌ಕ್ವಿನ್' ಎಂದಷ್ಟೇ ಹಾಕಿದರೆ ಅದು ಹತ್ತಿರದ ಒಳದಾರಿ ಹಿಡಿಸಿ ಸ್ಲೀ ಹೆಡ್ಡನ್ನೇ ತಪ್ಪಿಸಬಹುದು. ಆರ್‌559 ರಸ್ತೆಯನ್ನು ಬಿಡಬೇಡಿ, ಒಂದೊಂದೇ ನಿಲ್ದಾಣ ಹಾಕುತ್ತ ಹೋಗಿ, ಮ್ಯಾಪ್ ಮೊದಲೇ ಇಳಿಸಿಟ್ಟುಕೊಳ್ಳಿ. ಇದು ಐರಿಷ್ ಮಾತಾಡುವ ಸೀಮೆ. ಊರ ಫಲಕಗಳು ಐರಿಷ್‌ನಲ್ಲಷ್ಟೇ ಇರುತ್ತವೆ, ಹಾಗಾಗಿ ಆ ಹೆಸರುಗಳನ್ನೂ ಚೀಟಿಯಲ್ಲಿ ಬರೆದುಕೊಂಡಿರಿ.

ಹೊರಡುವುದು ಬೆಳಿಗ್ಗೆ 9ರೊಳಗೆ, ಇಲ್ಲವೇ ಮಧ್ಯಾಹ್ನ 3ರ ಮೇಲೆ. ಜೂನ್‌ನಲ್ಲಿ ರಾತ್ರಿ 10ರವರೆಗೂ ಬೆಳಕಿರುವುದರಿಂದ ಎರಡನೆಯದೇ ಮೇಲು, ಅಷ್ಟು ಹೊತ್ತಿಗೆ ಬಸ್ಸುಗಳು ವಾಪಸಾಗಿರುತ್ತವೆ. ಡಿಸೆಂಬರ್‌ನಲ್ಲಾದರೆ ನಾಲ್ಕೂವರೆಗೇ ಕತ್ತಲು.

ಪ್ರಶ್ನೆ: ಎಲ್ಲೆಲ್ಲಿ ನಿಲ್ಲಬೇಕು, ಯಾವುದನ್ನು ಬಿಡಬಹುದು?
– ಓದುಗಿ, ಮೈಸೂರು

ಉತ್ತರ: ಫಾಹನ್‌ನ ಕಲ್ಲಿನ ಗೂಡುಮನೆಗಳು ಖಾಸಗಿ ಜಮೀನಿನಲ್ಲಿವೆ, ಪ್ರವೇಶಕ್ಕೆ ಕೆಲವು ಯೂರೋ. ಚಿಲ್ಲರೆ ಇಟ್ಟುಕೊಳ್ಳಿ. ಹತ್ತಿರದಲ್ಲೇ ತೊರೆಯೊಂದು ರಸ್ತೆಯ ಮೇಲೇ ಹರಿಯುತ್ತದೆ. ಮೊದಲ ಗೇರಿನಲ್ಲಿ ನಿಧಾನವಾಗಿ ದಾಟಿ, ಆಚೆ ಒಮ್ಮೆ ಬ್ರೇಕ್ ಒತ್ತಿ ಒಣಗಿಸಿಕೊಳ್ಳಿ. ಮುಂದೆ ಬಿಳಿ ಶಿಲುಬೆಯಿರುವ ತಿರುವೇ ಸ್ಲೀ ಹೆಡ್. ಅಲ್ಲಿ ಜಾಗ ಕಡಿಮೆ. ಸಿಗದಿದ್ದರೆ ಸುಮ್ಮನೆ ಮುಂದೆ ಹೋಗಿ, ಕೂಮಿನೂಲ್ ಎಂಬ ಮರಳ ತೀರದಲ್ಲೂ ಅಷ್ಟೇ ಒಳ್ಳೆಯ ನೋಟವಿದೆ.

ಡನ್‌ಕ್ವಿನ್ ದಕ್ಕೆಗೆ ಇಳಿಯುವ ಅಂಕುಡೊಂಕು ಕಾಂಕ್ರೀಟ್ ದಾರಿಯ ಫೋಟೋ ನೋಡಿರುತ್ತೀರಿ. ಅದು ಕಾರಿನ ದಾರಿಯಲ್ಲ. ಕಡಿದಾದ ಇಳಿಜಾರು, ಬಿಗಿ ತಿರುವು, ಕೆಳಗೆ ಗಾಡಿ ತಿರುಗಿಸಲು ಜಾಗವಿಲ್ಲ. ಇಳಿಸಿದ ಪ್ರವಾಸಿಗರು ಸಿಕ್ಕಿಹಾಕಿಕೊಂಡಿದ್ದುಂಟು. ಮೇಲೇ ನಿಲ್ಲಿಸಿ ನಡೆದು ಹೋಗಿ. ಎದುರಿಗೆ ಕಾಣುವುದು ಗ್ರೇಟ್ ಬ್ಲಾಸ್ಕೆಟ್ ದ್ವೀಪ; 1953ರಲ್ಲಿ ಕೊನೆಯ ನಿವಾಸಿಗಳನ್ನು ಸರ್ಕಾರ ಅಲ್ಲಿಂದ ಈಚೆಗೆ ಕರೆತಂದಿತು. ಬೇಸಿಗೆಯಲ್ಲಿ ದೋಣಿಗಳಿರುತ್ತವೆ, ಆದರೆ ಅಲೆ ಎದ್ದರೆ ರದ್ದು. ದ್ವೀಪಕ್ಕೆ ಹೋದರೆ ಅರ್ಧ ದಿನಕ್ಕೂ ಮೇಲೆ ಬೇಕು, ಸುತ್ತಿನ ಜೊತೆ ಅದನ್ನೂ ತುರುಕಬೇಡಿ. ಡನ್‌ಕ್ವಿನ್‌ನ ಬ್ಲಾಸ್ಕೆಟ್ ಕೇಂದ್ರದಲ್ಲಿ ಒಂದು ಗಂಟೆ ಕಳೆದರೆ ದ್ವೀಪದ ಬದುಕು ಅರ್ಥವಾಗುತ್ತದೆ, ಮಳೆ ಬಂದರೆ ತಲೆಗೊಂದು ಸೂರೂ ಆಯಿತು.

ಗ್ಯಾಲರಸ್‌ನ ಪುಟ್ಟ ಪ್ರಾರ್ಥನಾ ಮಂದಿರವನ್ನು ಮಾತ್ರ ಬಿಡಬೇಡಿ. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು, ಪ್ರತಿ ವರಸೆಯನ್ನೂ ತುಸು ಒಳಕ್ಕೆ ಚಾಚುತ್ತ ಮೇಲೆ ಕೂಡಿಸಿದ್ದಾರೆ. ಮಗುಚಿದ ದೋಣಿಯಂತೆ ಕಾಣುತ್ತದೆ. ಹತ್ತಿರ ಹೋಗಿ ಗೋಡೆ ನೋಡಿ: ಕಲ್ಲುಗಳು ಹೊರಕ್ಕೆ ಸ್ವಲ್ಪ ಓರೆಯಾಗಿ ಕೂತಿವೆ, ಮಳೆನೀರು ಒಳಗಿಳಿಯದೆ ಹೊರಗೇ ಜಾರುತ್ತದೆ. ನೂರಾರು ವರ್ಷಗಳ ಅಟ್ಲಾಂಟಿಕ್ ಮಳೆಗೂ ಒಳಗೆ ಒಣಗಿರುವುದರ ಗುಟ್ಟು ಇಷ್ಟೇ.

ಸಮಯ ಸಾಲದಿದ್ದರೆ ಕೈಬಿಡಲು ನನ್ನ ಮಟ್ಟಿಗೆ ಮೊದಲನೆಯದು ವೆಂಟ್ರಿ. ಒಳ್ಳೆಯ ಮರಳ ತೀರವೇ, ಆದರೆ ಉಡುಪಿ ಕಡೆಯ ಮರಳು ಕಂಡವರಿಗೆ ಅದರಲ್ಲಿ ಹೊಸತೇನಿಲ್ಲ.

ಪ್ರಶ್ನೆ: ಆಗುಂಬೆ, ಚಾರ್ಮಾಡಿ ಎರಡೂ ಓಡಿಸಿ ಅಭ್ಯಾಸವಿದೆ. ಅಲ್ಲಿನ ಕಿರಿದಾದ ರಸ್ತೆಗೆ ಅಷ್ಟು ಸಾಕಲ್ಲವೇ?
– ಓದುಗ, ಚಿಕ್ಕಮಗಳೂರು

ಉತ್ತರ: ಕೈ ಅಭ್ಯಾಸ ಸಾಕು, ರೂಢಿ ಬೇರೆ. ನಮ್ಮ ಘಾಟಿಯಲ್ಲಿ ಪ್ರತಿ ತಿರುವಿಗೂ ಹಾರ್ನ್. ಅಲ್ಲಿ ಹಾರ್ನ್ ಅಪಾಯದ ಎಚ್ಚರಿಕೆಗೆ ಮಾತ್ರ, ಸುಮ್ಮನೆ ಒತ್ತಿದರೆ ಬೈದಂತೆ. ಅದರ ಬದಲು ವೇಗ ಇಳಿಸಿ. ಕಣ್ಣಿಗೆ ಕಾಣುವ ದೂರದ ಅರ್ಧದೊಳಗೆ ಗಾಡಿ ನಿಲ್ಲುವಂತಿರಬೇಕು, ಏಕೆಂದರೆ ಉಳಿದರ್ಧದಲ್ಲಿ ಎದುರಿನವನೂ ಬರುತ್ತಿರುತ್ತಾನೆ. ಫಲಕದಲ್ಲಿ 80 ಎಂದಿದ್ದರೆ ಅದು ಗರಿಷ್ಠ ಮಿತಿ, ಆ ತಿರುವುಗಳಲ್ಲಿ 30–40 ದಾಟುವುದೇ ಕಷ್ಟ.

ಹೆಡ್‌ಲೈಟ್ ಮಿಟುಕಿಸುವುದರ ಅರ್ಥ ತಲೆಕೆಳಗು. ನಮ್ಮಲ್ಲಿ ಅದು 'ನಾನು ಬರ್ತಾ ಇದೀನಿ, ನಿಲ್ಲು'. ಅಲ್ಲಿ ರೂಢಿಯಲ್ಲಿ 'ನೀನು ಬಾ, ನಾನು ನಿಂತಿದ್ದೇನೆ'. ನೀವು ನಮ್ಮ ಅರ್ಥದಲ್ಲಿ ಮಿಟುಕಿಸಿದರೆ ಎದುರಿನವನು ನೇರ ನುಗ್ಗುತ್ತಾನೆ.

ಒಂದೇ ಗಾಡಿಯ ಅಗಲವಿರುವಲ್ಲಿ, ಸರಿದುಕೊಳ್ಳುವ ಜಾಗಕ್ಕೆ ಯಾರು ಹತ್ತಿರವೋ ಅವರು ಹಿಂದೆ ಸರಿಯಬೇಕು. ಜಾಗ ಎಡಕ್ಕಿದ್ದರೆ ಒಳಗೆ ಸರಿಯಿರಿ. ಬಲಕ್ಕಿದ್ದರೆ ನೀವು ಎಡದಲ್ಲೇ ನಿಂತು ಎದುರಿನವರಿಗೆ ಆ ಜಾಗ ಬಿಡಿ. ಬಸ್ಸು, ಟ್ರ್ಯಾಕ್ಟರ್ ಎದುರಾದರೆ ವಾದವಿಲ್ಲ, ಹಿಂದೆ ಸರಿಯುವವರು ನೀವೇ. ದಾಟಿದ ಮೇಲೆ ಸ್ಟೀರಿಂಗ್‌ನಿಂದ ಬೆರಳೆತ್ತಿ ವಂದಿಸುವುದು ವಾಡಿಕೆ. ಆ ಜಾಗಗಳಲ್ಲೂ ಹೊಲದ ಗೇಟುಗಳ ಮುಂದೆಯೂ ಫೋಟೋಗೆಂದು ಗಾಡಿ ನಿಲ್ಲಿಸಬೇಡಿ.

ಹೆಚ್ಚು ಪೆಟ್ಟು ತಿನ್ನುವುದು ಎಡಗಡೆಯ ಕನ್ನಡಿ ಮತ್ತು ಎಡ ಟೈರಿನ ಮಗ್ಗುಲು. ರಸ್ತೆಬದಿಯ ಕೆಂಪು ಫ್ಯೂಷಿಯಾ ಹೂವಿನ ಬೇಲಿ ಮೆತ್ತಗೆ ಕಂಡರೂ ಎಷ್ಟೋ ಕಡೆ ಅದರೊಳಗೆ ಕಲ್ಲಿನ ಗೋಡೆಯಿರುತ್ತದೆ. ಸರಿಯುವಾಗ ಪಕ್ಕದಲ್ಲಿ ಕೂತವರು ಗಾಜಿಳಿಸಿ ಎಡ ಅಂಚನ್ನು ನೋಡಿ ಹೇಳುತ್ತಿರಬೇಕು. ಮೊಬೈಲ್ ಆಮೇಲೆ.

ಪ್ರಶ್ನೆ: ನಮ್ಮ ಲೈಸೆನ್ಸ್ ನಡೆಯುತ್ತದೆಯೇ? ವಿಮೆ ಯಾವುದು ತೆಗೆದುಕೊಳ್ಳಬೇಕು?
– ಓದುಗ, ಹುಬ್ಬಳ್ಳಿ

ಉತ್ತರ: ಪ್ರವಾಸಿಗರಿಗೆ ನಡೆಯುತ್ತದೆ. ಆದರೂ ಕೆಲವು ಬಾಡಿಗೆ ಕಂಪನಿಗಳು ಅಂತರರಾಷ್ಟ್ರೀಯ ಪರ್ಮಿಟ್ ಕೇಳುತ್ತವೆ. ಆರ್‌ಟಿಒದಲ್ಲಿ ಸಿಗುತ್ತದೆ, ಒಂದು ವರ್ಷದ ಅವಧಿ. ಡಬ್ಲಿನ್‌ನಲ್ಲಿ ನೆಲೆಸಿರುವ ಮಗನೋ ಸೊಸೆಯೋ ಭಾರತದ ಲೈಸೆನ್ಸ್ ತೋರಿಸಿ ಓಡಿಸುತ್ತೇನೆಂದರೆ ಒಪ್ಪಬೇಡಿ. ಅಲ್ಲಿ ವಾಸವಿರುವವರು ನಮ್ಮ ಲೈಸೆನ್ಸನ್ನು ನೇರವಾಗಿ ಬದಲಿಸಿಕೊಳ್ಳಲಾಗದು, ಅಲ್ಲಿನ ಪರೀಕ್ಷೆ ಪಾಸಾಗಬೇಕು.

ಬಾಡಿಗೆಯಲ್ಲೇ ಸೇರಿರುವ ವಿಮೆಗೆ 'ಎಕ್ಸೆಸ್' ಎಂಬ ಮೊತ್ತವಿರುತ್ತದೆ. ಹಾನಿಯಾದರೆ ಅಷ್ಟರವರೆಗೆ ನಿಮ್ಮ ಕೈಯಿಂದಲೇ ಹೋಗುತ್ತದೆ, ಸಾವಿರ ಯೂರೋ ದಾಟುವುದು ಮಾಮೂಲು. ಟೈರು, ಗಾಜು, ಕನ್ನಡಿ, ತಳಭಾಗ ಹಲವು ಪಾಲಿಸಿಗಳಲ್ಲಿ ಹೊರಗೇ ಉಳಿಯುತ್ತವೆ, ಆದರೆ ಈ ರಸ್ತೆಯಲ್ಲಿ ಕೆಡುವುದು ಅವೇ. ಸೇರಿವೆಯೇ ಎಂದು ಕೇಳಿ ತಿಳಿದುಕೊಂಡೇ ಸಹಿ ಹಾಕಿ. ಕ್ರೆಡಿಟ್ ಕಾರ್ಡ್ ಮುಖ್ಯ ಚಾಲಕರ ಹೆಸರಿನಲ್ಲೇ ಇರಲಿ. ಕಾರು ಚಿಕ್ಕದೇ ಇರಲಿ, ದೊಡ್ಡದನ್ನು ಪುಕ್ಕಟೆ ಕೊಡುತ್ತೇನೆಂದರೂ ಬೇಡವೆನ್ನಿ.

ಬಂಕಿನಲ್ಲಿ ಹಸಿರು ಹಿಡಿಯ ಪೈಪು ಪೆಟ್ರೋಲು, ಕಪ್ಪು ಡೀಸೆಲ್, ತುಂಬಿಸಿಕೊಳ್ಳುವುದು ನೀವೇ. ತಪ್ಪಿ ಹಾಕಿದರೆ ಇಗ್ನಿಷನ್ ಮುಟ್ಟದೆ ಸಹಾಯಕ್ಕೆ ಕರೆ ಮಾಡಿ. ಸುತ್ತಿಗೆ ಮುಂಚೆ ಡಿಂಗಲ್‌ನಲ್ಲೇ ತುಂಬಿಸಿ. ಡಬ್ಲಿನ್ ಸುತ್ತಲಿನ ಎಂ50 ರಸ್ತೆಯಲ್ಲಿ ಟೋಲ್ ಗೇಟು ಇಲ್ಲ, ಕ್ಯಾಮೆರಾ ನಂಬರ್ ಹಿಡಿಯುತ್ತದೆ. ಮರುದಿನ ರಾತ್ರಿ 8ರೊಳಗೆ ಕಟ್ಟದಿದ್ದರೆ ದಂಡ.

ಪ್ರಶ್ನೆ: ಸಮುದ್ರಕ್ಕೆ ಇಳಿಯಬಹುದೇ?
– ದಂಪತಿ, ಕಾರವಾರ

ಉತ್ತರ: ಕೂಮಿನೂಲ್‌ನಲ್ಲಿ ಖಂಡಿತ ಬೇಡ. ಒಳಸೆಳೆತ ಬಲವಾಗಿದೆ, ಎಚ್ಚರಿಕೆ ಫಲಕವೂ ಇದೆ. ಭರತ ಬಂದಾಗ ಮರಳು ಬೇಗ ಕಿರಿದಾಗುತ್ತದೆ, ಬಂಡೆಯ ಮೂಲೆ ಸುತ್ತಿ ಹೋದವರಿಗೆ ವಾಪಸ್ ದಾರಿ ಮುಚ್ಚಬಹುದು. ಹೋಗುವ ಮುಂಚೆ ಆ ದಿನದ ಇಳಿತದ ವೇಳೆ ನೋಡಿಕೊಳ್ಳಿ. ಡಿಂಗಲ್‌ಗೆ ಬರುವ ದಾರಿಯ ಇಂಚ್ ತೀರದಲ್ಲಿ ಮರಳಿನ ಮೇಲೇ ಕಾರು ಇಳಿಸುವವರಿದ್ದಾರೆ. ಹೂತ ಚಕ್ರ ಎತ್ತುವಷ್ಟರಲ್ಲಿ ನೀರು ಬಂದುಬಿಡುತ್ತದೆ, ಮೇಲೇ ನಿಲ್ಲಿಸಿ. ಯಾರಾದರೂ ನೀರಿನಲ್ಲಿ ಸಿಕ್ಕಿದ್ದು ಕಂಡರೆ 112ಕ್ಕೆ ಕರೆ ಮಾಡಿ ಕೋಸ್ಟ್ ಗಾರ್ಡ್ ಕೇಳಿ.

ಪ್ರಶ್ನೆ: ಶುದ್ಧ ಸಸ್ಯಾಹಾರಿಗಳು. ಊಟ?
– ಓದುಗಿ, ಧಾರವಾಡ

ಉತ್ತರ: ಡಿಂಗಲ್ ಬಿಟ್ಟ ಮೇಲೆ ಆಯ್ಕೆ ಕಡಿಮೆ. ತರಕಾರಿ ಸೂಪು, ಸೋಡಾ ಬ್ರೆಡ್ಡು, ಸ್ಕೋನ್ ಸಿಗುತ್ತವೆ. ಸೂಪಿಗೆ ಕೋಳಿ ಬೇಯಿಸಿದ ರಸ (ಸ್ಟಾಕ್) ಹಾಕಿದೆಯೇ, ಚಿಪ್ಸನ್ನು ಮೀನು ಕರಿದ ಎಣ್ಣೆಯಲ್ಲೇ ಕರಿಯುತ್ತಾರೆಯೇ ಎಂದು ಕೇಳಿಯೇ ತಿನ್ನಿ. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಒಯ್ಯಿರಿ. ತುಪ್ಪ, ಪೇಡ ಬೇಡ, ಹಾಲಿನ ಪದಾರ್ಥ ತರಲು ಅಲ್ಲಿ ಬಿಡುವುದಿಲ್ಲ.

ಪ್ರಶ್ನೆ: ಮಂಜು ಕವಿದರೆ ಏನು ಮಾಡುವುದು?
– ಓದುಗ, ಮಡಿಕೇರಿ

ಉತ್ತರ: ಹಿಂದಿನ ರಾತ್ರಿ ಅಲ್ಲಿನ ಹವಾಮಾನ ಇಲಾಖೆ ಮೆಟ್ ಏರನ್‌ನ ಮುನ್ಸೂಚನೆ ನೋಡಿ. ಕಿತ್ತಳೆ ಎಚ್ಚರಿಕೆಯಿದ್ದರೆ ಹೊರಡಬೇಡಿ. ಬರೀ ಮಂಜಾದರೆ ಗ್ಯಾಲರಸ್, ಬ್ಲಾಸ್ಕೆಟ್ ಕೇಂದ್ರ ಮೊದಲು ಮುಗಿಸಿ. ಅಲ್ಲಿ ಹವೆ ಗಂಟೆಗೊಮ್ಮೆ ಬದಲಾಗುತ್ತದೆ, ತೆರವಾದ ಮೇಲೆ ಸ್ಲೀ ಹೆಡ್‌ಗೆ ಹೋಗಬಹುದು. ವಾಪಸ್ ಹೋಗುವಾಗ ಕಾನರ್ ಪಾಸ್ ಎಂಬ ಘಾಟಿ ಏರುವ ಆಸೆಯಿದ್ದರೆ ತಿಳಿ ಹಗಲಿನಲ್ಲಿ ಮಾತ್ರ ಏರಿ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ, ನಡುವೆ ಒಂದೇ ಗಾಡಿಯ ದಾರಿ. 2 ಟನ್ ಮೀರಿದ ವಾಹನಗಳಿಗೆ ಪ್ರವೇಶವಿಲ್ಲ. ಮೋಡ ಇಳಿದಿದ್ದರೆ ಎನ್86 ಹೆದ್ದಾರಿಯಲ್ಲೇ ಟ್ರಲೀಗೆ ಹೋಗಿ.