ಕ್ಲಚ್ ಇಲ್ಲದ ಕಾರು ಬಾಳಿಕೆ ಬರುತ್ತದೆಯೇ?

ಹೊಸ ಕಾರು ತಗೊಳ್ಳಬೇಕು. ಒಮ್ಮೆ ಕೊಂಡರೆ ಹನ್ನೆರಡು–ಹದಿನೈದು ವರ್ಷ ಇಟ್ಟುಕೊಳ್ಳುವವರು ನಾವು. ಮನೆಯಲ್ಲಿ ಆಟೋಮ್ಯಾಟಿಕ್ ಬೇಕು ಅಂತಾರೆ, ಪರಿಚಯದ ಮೆಕ್ಯಾನಿಕ್ ‘ಗೇರ್ ಬಾಕ್ಸ್ ಹೋದ್ರೆ ಲಕ್ಷದ ಮಾತು, ಬೇಡ’ ಅಂತಾರೆ. ಯಾರ ಮಾತು ಕೇಳೋದು?
— ಓದುಗರು, ದಾವಣಗೆರೆ

ಯಾವ ಆಟೋಮ್ಯಾಟಿಕ್ ಅಂತ ಮೊದಲು ಕೇಳಿ. ಶೋರೂಮಿನಲ್ಲಿ ಒಂದೇ ಹೆಸರು ಹೇಳಿ ಮಾರುವುದು ನಾಲ್ಕು ಬೇರೆ ಬೇರೆ ಯಂತ್ರಗಳನ್ನು.

2014ರಲ್ಲಿ ಮಾರುತಿ ಸೆಲೆರಿಯೊ ಜತೆ ಇಲ್ಲಿಗೆ ಬಂದ ಎಎಂಟಿಯ ಒಳಗಿರುವುದು ಮ್ಯಾನ್ಯುಯಲ್ ಗೇರ್ ಬಾಕ್ಸೇ. ಕ್ಲಚ್ ಪ್ಲೇಟೂ ಅದೇ ಒಣ ಪ್ಲೇಟು. ನಿಮ್ಮ ಎಡಗಾಲು, ಎಡಗೈ ಮಾಡುತ್ತಿದ್ದ ಕೆಲಸವನ್ನು ಕಂಪ್ಯೂಟರ್ ಮಾತು ಕೇಳುವ ಆಕ್ಚುಯೇಟರ್ ಎಂಬ ಸಾಧನ ಮಾಡುತ್ತದೆ, ಅಷ್ಟೇ. ಹಾಗಾಗಿ ಕ್ಲಚ್ ಸವೆದೇ ಸವೆಯುತ್ತದೆ. ವರ್ಷಗಳು ಕಳೆದ ಮೇಲೆ ಆಕ್ಚುಯೇಟರ್ ಖರ್ಚು ಹೆಚ್ಚುವರಿ. ಟಾರ್ಕ್ ಕನ್ವರ್ಟರ್ ಇರುವ ಹಳೇ ಬಗೆಯ ಆಟೋಮ್ಯಾಟಿಕ್‌ನಲ್ಲಿ ಎಂಜಿನ್ನಿಗೂ ಗೇರಿಗೂ ನಡುವೆ ಆಯಿಲ್ ಇರುತ್ತದೆ. ಜಾಮ್‌ನಲ್ಲಿ ಇಂಚಿಂಚೇ ಸಾಗಿದರೂ ಒಣಗಿ ಸುಡುವಂಥ ಪ್ಲೇಟು ಅಲ್ಲಿಲ್ಲ. ಸಿವಿಟಿಯಲ್ಲಿ ಎರಡು ಪುಲ್ಲಿಗಳ ನಡುವೆ ಉಕ್ಕಿನ ಬೆಲ್ಟ್ ಓಡುತ್ತದೆ. ಊರೊಳಗೆ ಬಲು ನಯ, ಆದರೆ ತುಂಬಿದ ಕಾರಿನಲ್ಲಿ ಉದ್ದದ ಏರು ಹತ್ತುವಾಗ ಆಯಿಲ್ ಬಿಸಿಯಾಗುವುದು ಅದಕ್ಕೆ ಆಗಿಬರುವುದಿಲ್ಲ.

ನಾಲ್ಕನೆಯದು ಡಿಸಿಟಿ, ಅಂದರೆ ಎರಡು ಕ್ಲಚ್ಚಿನದು. ಅದರಲ್ಲೂ ಒಣ ಕ್ಲಚ್, ಆಯಿಲಿನಲ್ಲಿ ಮುಳುಗಿದ ಕ್ಲಚ್ ಎಂದು ಎರಡು ವಿಧ. ಒಣ ಕ್ಲಚ್ಚಿನ ಗೇರ್ ಬಾಕ್ಸ್‌ಗಳಲ್ಲಿ ಹೆಚ್ಚು ಹೆಸರು ಕೆಡಿಸಿಕೊಂಡದ್ದು ಫೋಕ್ಸ್‌ವ್ಯಾಗನ್ ಬಳಗದ ಏಳು ಗೇರಿನ ಡಿಎಸ್‌ಜಿ. ಡಿಎಸ್‌ಜಿ ದೋಷಕ್ಕಾಗಿ 2013ರಲ್ಲಿ ಚೀನಾ ಒಂದರಲ್ಲೇ 3.8 ಲಕ್ಷಕ್ಕೂ ಹೆಚ್ಚು ಕಾರುಗಳನ್ನು ವಾಪಸ್ ಕರೆಸಬೇಕಾಯಿತು.

ಹದಿನೈದು ವರ್ಷದ ಲೆಕ್ಕ ಹಾಕುವವರಿಗೆ ನಮ್ಮ ಸಲಹೆ ಮ್ಯಾನ್ಯುಯಲ್ ಅಥವಾ ಟಾರ್ಕ್ ಕನ್ವರ್ಟರ್. ಕೈಯಲ್ಲಿರುವ ದುಡ್ಡು ಕಡಿಮೆಯಿದ್ದರೆ ಎಎಂಟಿ ಆದೀತು. ಒಣ ಕ್ಲಚ್ಚಿನ ಡಿಸಿಟಿಯನ್ನು ವಾರಂಟಿ ಮುಗಿದ ಮೇಲೂ ಇಟ್ಟುಕೊಳ್ಳುವ ಧೈರ್ಯ ಬೇಡ. ನಿಮ್ಮ ಮೆಕ್ಯಾನಿಕ್ ಹೇಳುವ ಲಕ್ಷದ ಮಾತು ಸುಳ್ಳಲ್ಲ. ಆದರೆ ಟಾರ್ಕ್ ಕನ್ವರ್ಟರ್ ಗೇರ್ ಬಾಕ್ಸಿನ ವಿಷಯದಲ್ಲಿ ಆ ಲಕ್ಷ ಬರುವುದು ಬಹುಪಾಲು ಆಯಿಲ್ ಮುಟ್ಟದೇ ಓಡಿಸಿದವರಿಗೆ.

ಅದೇ ಆಯಿಲ್ ಬಗ್ಗೆ ಕೇಳಬೇಕಿತ್ತು. ನಮ್ಮದು ಟಾರ್ಕ್ ಕನ್ವರ್ಟರ್ ಕಾರು, 90 ಸಾವಿರ ಕಿ.ಮೀ. ಆಗಿದೆ. ಸರ್ವೀಸಿನವರು ‘ಲೈಫ್‌ಟೈಮ್ ಆಯಿಲ್, ಬದಲಿಸೋದೇ ಬೇಡ’ ಅಂದರು. ಹೊರಗಿನ ಗ್ಯಾರೇಜಿನವರು ‘ಈಗ ಬದಲಿಸಿದ್ರೆ ಗೇರ್ ಬಾಕ್ಸೇ ಹೋಗುತ್ತೆ’ ಅಂತ ಹೆದರಿಸಿದರು.
— ಓದುಗರು, ಬೆಂಗಳೂರು

ಯಾರ ಲೈಫ್ ಎಂದು ಕೇಳಬೇಕಿತ್ತು. ವಾರಂಟಿಯದೋ, ಕಾರಿನದೋ? ಈ ಆಯಿಲ್ ಗೇರಿಗೆ ಜಾರುವ ಗುಣ ಕೊಡುವುದಷ್ಟೇ ಅಲ್ಲ. ಒತ್ತಡದಿಂದ ಕ್ಲಚ್ ಪ್ಯಾಕ್‌ಗಳನ್ನು, ಅಂದರೆ ಆಯಿಲಿನಲ್ಲೇ ಮುಳುಗಿದ್ದು ಗೇರ್ ಹಿಡಿಸುವ ಪ್ಲೇಟುಗಳ ಕಟ್ಟನ್ನು, ಅಮುಕುತ್ತದೆ, ಬಿಸಿಯನ್ನು ಹೊತ್ತೊಯ್ಯುತ್ತದೆ. ಬಿಸಿಗೆ ಹಳಸಿದಾಗ ಮೂರೂ ಕೆಲಸ ಕೆಡುತ್ತವೆ. ಬೆಂಗಳೂರಿನ ನಿಂತು ನಿಂತು ಸಾಗುವ ಓಡಾಟಕ್ಕೆ 60 ಸಾವಿರ ಕಿ.ಮೀ.ಗೊಮ್ಮೆ ಬದಲಿಸುವುದು ಲೇಸು.

ಬದಲಿಸಿದರೆ ಹೋಗುತ್ತದೆ ಎಂಬ ಭಯಕ್ಕೂ ಒಂದು ಮೂಲ ಇದೆ. ಪ್ಲೇಟುಗಳು ಪೂರ್ತಿ ಸವೆದು ಗೇರ್ ಜಾರಲು ಶುರುವಾದ ಮೇಲೆ ಜನ ಆಯಿಲ್ ಬದಲಿಸಿ ನೋಡುತ್ತಾರೆ. ಹೋಗುವುದಿದ್ದದ್ದು ಹೋಗುತ್ತದೆ, ಅಪವಾದ ಹೊಸ ಆಯಿಲಿಗೆ. ಮೆಷಿನ್ ಹಚ್ಚಿ ಒತ್ತಡದಲ್ಲಿ ಫ್ಲಶ್ ಮಾಡಿದರೆ ಮಾತ್ರ ತಳದ ಕಸ ಎದ್ದು, ಆಯಿಲನ್ನು ಬೇಕಾದೆಡೆಗೆ ಹಾಯಿಸುವ ವಾಲ್ವ್ ಬಾಡಿಯ ಸಣ್ಣ ದಾರಿಗಳಲ್ಲಿ ಸಿಕ್ಕಿಕೊಳ್ಳುವ ಅಪಾಯ ನಿಜ. 90 ಸಾವಿರ ಓಡಿದ ಕಾರಿಗೆ ಫ್ಲಶ್ ಬೇಡ, ಇಳಿಸಿ ತುಂಬಿಸಿ.

ಮಧ್ಯಮ ಗಾತ್ರದ ಕಾರಿನಲ್ಲಿ ಒಟ್ಟು 6ರಿಂದ 8 ಲೀಟರ್ ಆಯಿಲ್ ಇರುತ್ತದೆ. ಡ್ರೈನ್ ಬೋಲ್ಟ್ ಬಿಚ್ಚಿದರೆ ಇಳಿಯುವುದು ಸುಮಾರು ಅರ್ಧ. ಉಳಿದದ್ದು ಟಾರ್ಕ್ ಕನ್ವರ್ಟರ್ ಒಳಗೇ ನಿಲ್ಲುತ್ತದೆ. ಇಳಿದದ್ದನ್ನು ಅಳತೆ ಪಾತ್ರೆಗೆ ಹಿಡಿದು, ಅಷ್ಟೇ ಹೊಸದನ್ನು ಹಾಕಿಸಿ. ನಾಲ್ಕೈದು ದಿನ ಓಡಿಸಿ ಮತ್ತೊಮ್ಮೆ ಇಳಿಸಿದರೆ ಹಳೆಯದು ಕಾಲುಭಾಗ ಉಳಿಯುತ್ತದೆ, ಮೂರನೇ ಸಲಕ್ಕೆ ಎಂಟನೇ ಒಂದು ಭಾಗ. ಲೆವೆಲ್ ನೋಡುವುದರಲ್ಲೇ ಹೆಚ್ಚು ಎಡವಟ್ಟಾಗುವುದು. ಕಾರು ಸಮತಟ್ಟಾಗಿರಬೇಕು, ಎಂಜಿನ್ ಚಾಲೂ ಇರಬೇಕು, ಆಯಿಲ್ ಕಾರಿನ ಕೈಪಿಡಿಯಲ್ಲಿ ಹೇಳಿದ ಬಿಸಿಗೆ, ಬಹಳಷ್ಟು ಕಾರುಗಳಲ್ಲಿ 40 ಡಿಗ್ರಿ ಆಸುಪಾಸಿಗೆ, ಬಂದಿರಬೇಕು. ಆಗ ಚೆಕ್ ಬೋಲ್ಟ್ ತೆಗೆದರೆ ಆಯಿಲ್ ಸಣ್ಣ ಎಳೆಯಾಗಿ ಸುರಿದು ತೊಟ್ಟಿಕ್ಕಬೇಕು. ತಣ್ಣಗಿದ್ದಾಗಲೇ ಅಳೆದು ಹೆಚ್ಚು ತುಂಬಿದರೆ ಬಿಸಿಯಾದ ಮೇಲೆ ಉಬ್ಬಿ ನೊರೆಯೇಳುತ್ತದೆ.

ಬೋಲ್ಟ್ ಬಿಚ್ಚುವಾಗ ಪಕ್ಕದಲ್ಲೇ ನಿಂತಿರಿ. ಅದರ ತುದಿಯ ಅಯಸ್ಕಾಂತಕ್ಕೆ ಬೂದುಬಣ್ಣದ, ಬೆರಳಿಗೆ ನುಣ್ಣಗೆ ಹತ್ತುವ ಪೇಸ್ಟ್ ಅಂಟಿದ್ದರೆ ಅದು ಸಹಜ ಸವೆತ, ಒರೆಸಿ ಹಾಕಬಹುದು. ಉಗುರಿಗೆ ಚುಚ್ಚುವಂಥ ಚಕ್ಕೆ ಸಿಕ್ಕಿದರೆ ಒಳಗೆ ಯಾವುದೋ ಗೇರೋ ಬೇರಿಂಗೋ ಒಡೆಯುತ್ತಿದೆ. ಆಯಿಲ್ ಕಪ್ಪಾಗಿ ಸುಟ್ಟ ವಾಸನೆ ಬಂದರೆ ಕ್ಲಚ್ ಪ್ಯಾಕ್ ಸುಟ್ಟಿದೆ. ಮಜ್ಜಿಗೆಯಂತೆ ಬಿಳುಚಿದ್ದರೆ ನೀರು ಸೇರಿದೆ, ರೇಡಿಯೇಟರ್‌ನಿಂದಲೋ ಮಳೆನೀರಿನಿಂದಲೋ ಹುಡುಕಿಸಿ. ಹಾಂ, ‘ಎಲ್ಲಾ ಕಾರಿಗೂ ಆಗುತ್ತೆ’ ಎನ್ನುವ ಡಬ್ಬಿ ಬೇಡ. ಟೊಯೋಟಾದ ಡಬ್ಲ್ಯುಎಸ್, ಹ್ಯುಂಡೈನ ಎಸ್‌ಪಿ-4, ನಿಸ್ಸಾನ್ ಸಿವಿಟಿಯ ಎನ್‌ಎಸ್-3, ಇವೆಲ್ಲ ಬೇರೆ ಬೇರೆ. ಸಿವಿಟಿಗೆ ಮಾಮೂಲಿ ಆಟೋಮ್ಯಾಟಿಕ್ ಆಯಿಲ್ ಹಾಕಿದರೆ ಬೆಲ್ಟ್ ಜಾರಿ ಪುಲ್ಲಿಗೆ ಗೀರು ಬೀಳುತ್ತದೆ.

ಎಎಂಟಿ ಕಾರು, 45 ಸಾವಿರ ಕಿ.ಮೀ. ಮನೆ ಮುಂದಿನ ಏರಿನಲ್ಲಿ ರಿವರ್ಸ್ ತೆಗೆದರೆ ಇಡೀ ಕಾರು ನಡುಗುತ್ತದೆ, ಕೆಲವೊಮ್ಮೆ ಸುಟ್ಟ ವಾಸನೆ. ಗೇರ್ ಬಾಕ್ಸ್ ಹೋಯಿತಾ?
— ಓದುಗರು, ಮಡಿಕೇರಿ

ಗೇರ್ ಬಾಕ್ಸ್ ಅಲ್ಲ, ಕ್ಲಚ್. ಏರಿನಲ್ಲಿ ನಿಂತಾಗ ಬ್ರೇಕ್ ಒತ್ತುವ ಬದಲು ಆಕ್ಸಿಲರೇಟರ್‌ನಲ್ಲೇ ಕಾರು ಹಿಡಿದು ನಿಲ್ಲಿಸುತ್ತಿದ್ದೀರಾ, ಯೋಚಿಸಿ. ಆಗ ಕಂಪ್ಯೂಟರ್ ಹಾಫ್ ಕ್ಲಚ್‌ನಲ್ಲೇ ಇರುತ್ತದೆ, ಪ್ಲೇಟ್ ಕಾದು ಮೆರುಗೇರುತ್ತದೆ, ಹಿಡಿತ ತಪ್ಪಿ ನಡುಗುತ್ತದೆ. ಏರಿನಲ್ಲಿ ಹ್ಯಾಂಡ್ ಬ್ರೇಕ್ ಎಳೆದು, ಆಕ್ಸಿಲರೇಟರ್ ಗಟ್ಟಿಯಾಗಿ ಕೊಟ್ಟು, ಕಾರು ಮುಂದೆಳೆದ ಕೂಡಲೇ ಹ್ಯಾಂಡ್ ಬ್ರೇಕ್ ಬಿಡಿ. ವಾಸನೆ ಬಂದರೆ ನ್ಯೂಟ್ರಲ್‌ಗೆ ಹಾಕಿ ತಣಿಯಲು ಬಿಡಿ.

ಪ್ಲೇಟ್ ಬದಲಿಸುವುದಾದರೆ ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಜತೆಗೇ ಹಾಕಿಸಿ. ಗೇರ್ ಬಾಕ್ಸ್ ಇಳಿಸುವ ಕೂಲಿ ಎರಡು ಸಲ ಕೊಡುವುದು ಯಾಕೆ? ಕೆಲಸ ಮುಗಿದ ಮೇಲೆ ಸ್ಕ್ಯಾನರ್ ಹಾಕಿ ಕ್ಲಚ್ ಕಚ್ಚುವ ಜಾಗವನ್ನು ಕಂಪ್ಯೂಟರಿಗೆ ಹೊಸದಾಗಿ ಕಲಿಸಬೇಕು. ಸ್ಕ್ಯಾನರ್ ಇಲ್ಲದ ಗ್ಯಾರೇಜಿಗೆ ಈ ಕೆಲಸ ಕೊಡಬೇಡಿ, ಹೊಸ ಪ್ಲೇಟೂ ಹಳೆಯದರಂತೆಯೇ ನಡುಗುತ್ತದೆ.

ಚಾರ್ಮಾಡಿ ಇಳಿಯುವಾಗ ನ್ಯೂಟ್ರಲ್ ಹಾಕಿದರೆ ಪೆಟ್ರೋಲ್ ಉಳಿಯುತ್ತದಂತೆ, ಹೌದೇ?
— ಓದುಗರು, ಬೆಳ್ತಂಗಡಿ

ಇಲ್ಲ. ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಈಗಿನ ಎಂಜಿನ್ನುಗಳಿಗೆ ಇಂಧನ ಪೂರಾ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ಐಡಲ್ ಓಡಲು ಪೆಟ್ರೋಲ್ ಬೇಕು. ಬ್ರೇಕ್ ಕಾದು ಕೈಕೊಡುವುದು ಬೇರೆ. ಎರಡನೇ ಅಥವಾ ಮೂರನೇ ಗೇರಿನಲ್ಲಿ ಇಳಿಯಿರಿ. ಆಟೋಮ್ಯಾಟಿಕ್ ಆದರೆ ಗೇರ್ ಲಿವರನ್ನು ಎಲ್, ಎಸ್ ಅಥವಾ ಎಂಗೆ ಹಾಕಿ.

ಹಳೇ ಮ್ಯಾನ್ಯುಯಲ್ ಕಾರು, 1.2 ಲಕ್ಷ ಕಿ.ಮೀ. ಬೆಳಿಗ್ಗೆ ಎರಡನೇ ಗೇರ್ ಕರಕರ ಅನ್ನುತ್ತದೆ. ಪೂರ್ತಿ ಬಿಚ್ಚಿಸಬೇಕಾ?
— ಓದುಗರು, ಗದಗ

ಮೊದಲು ಗೇರ್ ಆಯಿಲ್ ಬದಲಿಸಿ, ಸುಮಾರು 2 ಲೀಟರ್ ಸಾಕು. ಕಾರಿನ ಕೈಪಿಡಿಯಲ್ಲಿ ಆಯಿಲಿನ ದರ್ಜೆ ಜಿಎಲ್-4 ಎಂದಿದ್ದರೆ ಅದನ್ನೇ ಹಾಕಿಸಿ. ‘ಇನ್ನೂ ಮೇಲ್ದರ್ಜೆಯದು’ ಎಂದು ಜಿಎಲ್-5 ಹಾಕಿದರೆ ಅದರ ರಾಸಾಯನಿಕ, ಗೇರ್ ಬೀಳುವ ಮುನ್ನ ವೇಗ ಹೊಂದಿಸುವ ಹಿತ್ತಾಳೆಯ ಸಿಂಕ್ರೊನೈಸರ್ ಉಂಗುರಕ್ಕೆ ಒಗ್ಗದೆ ಗೇರ್ ಇನ್ನಷ್ಟು ಕಿತ್ತಾಡಬಹುದು. ಕಾರು ಬಿಸಿಯಾದ ಮೇಲೂ ಕರಕರ ನಿಲ್ಲದಿದ್ದರೆ ಉಂಗುರ ಸವೆದಿದೆ, ಆಗ ಬಿಚ್ಚಿಸಿ.

ಹಾಗೆಯೇ ಕ್ಲಚ್ಚನ್ನೂ ನೋಡಿಬಿಡಿ. ನಾಲ್ಕನೇ ಗೇರಿನಲ್ಲಿ 40 ಕಿ.ಮೀ. ವೇಗದಲ್ಲಿದ್ದು ಆಕ್ಸಿಲರೇಟರ್ ಪೂರ್ತಿ ಒತ್ತಿ; ಎಂಜಿನ್ ಕೂಗಿ ವೇಗ ಏರದಿದ್ದರೆ ಪ್ಲೇಟ್ ಮುಗಿದಿದೆ. ಪೆಡಲ್ ಒತ್ತಿದಾಗ ಸದ್ದು ಬಂದರೆ ರಿಲೀಸ್ ಬೇರಿಂಗ್. ನ್ಯೂಟ್ರಲ್‌ನಲ್ಲಿ ಬರುವ ಸದ್ದು ಪೆಡಲ್ ಒತ್ತಿದರೆ ನಿಂತರೆ ಗೇರ್ ಬಾಕ್ಸಿನ ಇನ್‌ಪುಟ್ ಶಾಫ್ಟ್ ಬೇರಿಂಗ್.

ಆಟೋಮ್ಯಾಟಿಕ್ ಕಾರು ಕೆಟ್ಟು ನಿಂತರೆ ಹಗ್ಗ ಕಟ್ಟಿ ಎಳೆಯಬಹುದೇ?
— ಓದುಗರು, ಶಿರಸಿ

ಬೇಡ. ಎಂಜಿನ್ ನಿಂತಿದ್ದಾಗ ಒಳಗಿನ ಆಯಿಲ್ ಪಂಪೂ ನಿಂತಿರುತ್ತದೆ. ಚಕ್ರ ಉರುಳಿದರೆ ಗೇರುಗಳು ಒಣಗಾಗಿ ತಿರುಗುತ್ತವೆ. ಮುಂದಿನ ಚಕ್ರ ಎಳೆಯುವ ಕಾರಾದರೆ ಆ ಎರಡೂ ಚಕ್ರ ನೆಲ ಬಿಟ್ಟಿರಬೇಕು. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಕಾರಾದರೆ ಫ್ಲ್ಯಾಟ್ ಬೆಡ್ ಲಾರಿಯೇ ಆಗಬೇಕು. ಎಎಂಟಿ ನ್ಯೂಟ್ರಲ್‌ಗೆ ಬಂದರೆ ಸ್ವಲ್ಪ ದೂರ ಎಳೆಯಬಹುದು, ಗೇರಿನಲ್ಲೇ ಸಿಕ್ಕಿಕೊಂಡಿದ್ದರೆ ಅದಕ್ಕೂ ಮುಂದಿನ ಚಕ್ರ ಎತ್ತಿಯೇ ಸಾಗಿಸಬೇಕು.