ಸಾರ್ವಜನಿಕ ನೀತಿ ಪಾಠಕ್ಕೆ ಸಿಮ್‌ಸಿಟಿ ಸಾಕೇ?

ಪದವಿ ತರಗತಿಗೆ ಸಾರ್ವಜನಿಕ ನೀತಿ ಕಲಿಸಲು ಸಿಮ್‌ಸಿಟಿ (ಆಟಗಾರನೇ ಮೇಯರ್ ಆಗಿ ನಗರ ಕಟ್ಟಿ ನಡೆಸುವ ಕಂಪ್ಯೂಟರ್ ಆಟ) ಆಡಿಸಿದರೆ ಸಾಕೇ ಎಂದು ಕೇಳಿದ್ದೀರಿ. ಆಡಿಸಿ, ಆದರೆ ಚರ್ಚೆ ಆಟದೊಳಗಿನ ಲೆಕ್ಕಾಚಾರದ ಮೇಲಿರಲಿ. 1989ರ ಆ ಆಟಕ್ಕೆ ನಗರದ ಏರಿಳಿತವನ್ನು ಕಂಪ್ಯೂಟರ್‌ನಲ್ಲಿ ಲೆಕ್ಕಹಾಕಿದ ಅಮೆರಿಕದ ತಜ್ಞ ಜೇ ಫಾರೆಸ್ಟರ್ ಅವರ ಮಾದರಿಯ ಪ್ರಭಾವವಿದೆ. ತೆರಿಗೆ ವಿಪರೀತ ಏರಿಸಿದರೆ ಜನ ಊರು ಬಿಡುತ್ತಾರೆ ಎಂಬುದು ಅಲ್ಲಿ ಪ್ರಕೃತಿ ನಿಯಮದಂತೆ ಕಾಣುತ್ತದೆ. ಅದು ವಿನ್ಯಾಸಕಾರರ ಊಹೆ ಅಷ್ಟೇ. ವಿರೋಧ ಪಕ್ಷವಿಲ್ಲ, ಕೋರ್ಟಿಲ್ಲ, ಕಡತ ಹಿಡಿದು ಕೂರುವ ಅಧಿಕಾರಿಯೂ ಇಲ್ಲ. ಮೇಯರ್ ಹೇಳಿದ್ದೇ ಕೊನೆ (ಪುಣ್ಯವಂತ!). ಏನೇನು ಬಿಟ್ಟುಹೋಗಿದೆ ಎಂದು ವಿದ್ಯಾರ್ಥಿಗಳೇ ಹುಡುಕಲಿ, ಅರ್ಧ ಪಾಠ ಅಲ್ಲೇ ಆಗುತ್ತದೆ.

ಆಮೇಲೆ ಆಟಗಳ ಮೇಲಿನ ನೀತಿಗೆ ಬನ್ನಿ. 2021ರಲ್ಲಿ ಚೀನಾ ಮಕ್ಕಳ ಆನ್‌ಲೈನ್ ಆಟವನ್ನು ಸಾಮಾನ್ಯ ವಾರಗಳಲ್ಲಿ ಒಟ್ಟು 3 ಗಂಟೆಯಷ್ಟಕ್ಕೆ ಇಳಿಸಿತು. ಅದೇ ವರ್ಷ ದಕ್ಷಿಣ ಕೊರಿಯಾ ಮಕ್ಕಳು ಮಧ್ಯರಾತ್ರಿ ನಂತರ ಆನ್‌ಲೈನ್ ಆಟ ಆಡದಂತೆ 2011ರಲ್ಲಿ ತಂದಿದ್ದ ನಿರ್ಬಂಧವನ್ನು ಕೈಬಿಡಲು ತೀರ್ಮಾನಿಸಿತು. ಏಕೆ ಹೀಗೆ ಎಂದು ಕೇಳಿ, ತರಗತಿ ತಾನಾಗಿ ಎರಡು ಬಣವಾಗುತ್ತದೆ.