ಗೇರ್ ಇಳಿಸಿದಾಗ ಹಿಂದಿನ ಚಕ್ರ ಕುಪ್ಪಳಿಸುವುದೇಕೆ?

ಪ್ರಶ್ನೆ: ದಿನಾ ಮಂಡ್ಯದಿಂದ ಮೈಸೂರಿಗೆ ಕೆಲಸಕ್ಕೆ ಹೋಗಿ ಬರುತ್ತೇನೆ. ಎಕ್ಸ್‌ಪ್ರೆಸ್‌ವೇಗೆ ಬೈಕ್ ಬಿಡುವುದಿಲ್ಲ, ಸರ್ವಿಸ್ ರಸ್ತೆಯೇ ಗತಿ. ಕಬ್ಬಿನ ಟ್ರ್ಯಾಕ್ಟರ್ ದಿಢೀರ್ ಅಂತ ಅಡ್ಡ ಬಂದರೆ ಬ್ರೇಕ್ ಹಿಡಿದು, ಪಟಪಟ ಅಂತ ಮೂರು ಗೇರ್ ಇಳಿಸಿ ಕ್ಲಚ್ ಬಿಡುತ್ತೇನೆ. ಆಗ ಹಿಂದಿನ ಚಕ್ರ ಕುಪ್ಪಳಿಸುತ್ತದೆ. ಸ್ಲಿಪ್ಪರ್ ಕ್ಲಚ್ ಇರುವ ಬೈಕ್ ತಗೊಂಡರೆ ಇದು ನಿಲ್ಲುತ್ತಾ ಸರ್?
– ಮಂಡ್ಯದ ಓದುಗರು

ಉತ್ತರ: ಬಹುಪಾಲು ನಿಲ್ಲುತ್ತದೆ. ಆದರೆ ಚಕ್ರ ಯಾಕೆ ಕುಪ್ಪಳಿಸುತ್ತದೆ ಅನ್ನೋದು ಮೊದಲು ಗೊತ್ತಾಗಬೇಕು.

ಆರನೇ ಗೇರ್‌ನಲ್ಲಿ ಎಂಜಿನ್ ನಿಮಿಷಕ್ಕೆ 5,000 ಸುತ್ತು ತಿರುಗುತ್ತಿದೆ ಅಂತಿಟ್ಟುಕೊಳ್ಳಿ. ಅದೇ ವೇಗದಲ್ಲಿ ಮೂರನೇ ಗೇರ್‌ಗೆ ಬಂದರೆ ಅದು ಸುಮಾರು 8,000 ಸುತ್ತಿಗೆ ಏರಬೇಕು. ಆಕ್ಸಲರೇಟರ್ ಮುಚ್ಚಿದೆ, ಏರಿಸುವವರು ಯಾರು? ಹಿಂದಿನ ಚಕ್ರವೇ ಚೈನ್ ಎಳೆದು, ಗೇರ್‌ಬಾಕ್ಸ್ ಮೂಲಕ ಎಂಜಿನ್ನನ್ನು ತಿರುಗಿಸಬೇಕು. ಅದೇ ಹೊತ್ತಿಗೆ ನೀವು ಮುಂದಿನ ಬ್ರೇಕ್ ಹಿಡಿದಿರುವುದರಿಂದ ಭಾರವೆಲ್ಲ ಮುಂದಕ್ಕೆ ಹೋಗಿ ಹಿಂದಿನ ಟೈರಿಗೆ ಹಿಡಿತ ಕಡಿಮೆ ಆಗಿರುತ್ತದೆ. ಟೈರ್ ಜಾರುತ್ತದೆ, ಹಿಡಿಯುತ್ತದೆ, ಮತ್ತೆ ಜಾರುತ್ತದೆ. ಕುಪ್ಪಳಿಸುವುದು ಅಂದರೆ ಇದೇ. ಎಬಿಎಸ್ ಇದ್ದರೂ ಇಲ್ಲಿ ಪೂರ್ತಿ ಉಪಯೋಗಕ್ಕೆ ಬರುವುದಿಲ್ಲ, ಯಾಕೆಂದರೆ ಅದು ಬ್ರೇಕ್ ಸಡಿಲಿಸಬಹುದು, ಎಂಜಿನ್ ಎಳೆತ ಸಡಿಲಿಸುವುದಕ್ಕೆ ಅದರ ಕೈಲಿ ಆಗಲ್ಲ.

ಸ್ಲಿಪ್ಪರ್ ಕ್ಲಚ್ ಸಡಿಲಿಸುವುದು ಇದನ್ನೇ. ಮಾಮೂಲಿ ಕ್ಲಚ್‌ನಲ್ಲಿ ಒಂದರ ಮೇಲೊಂದು ಪ್ಲೇಟ್‌ಗಳಿರುತ್ತವೆ, ಸ್ಪ್ರಿಂಗ್‌ಗಳು ಪ್ರೆಶರ್ ಪ್ಲೇಟ್ ಮೂಲಕ ಅವನ್ನು ಒತ್ತಿ ಹಿಡಿದಿರುತ್ತವೆ. ಸ್ಲಿಪ್ಪರ್‌ನಲ್ಲೂ ಅಷ್ಟೇ, ಆದರೆ ಒಳಗಿನ ಹಬ್‌ಗೂ (ಪ್ಲೇಟ್‌ಗಳು ಕೂರುವ ನಡುವಿನ ಭಾಗ) ಪ್ರೆಶರ್ ಪ್ಲೇಟ್‌ಗೂ ಎದುರುಬದುರಾಗಿ ಓರೆಯಾಗಿ ಕೊರೆದ ಅಂಚುಗಳಿರುತ್ತವೆ. ಬಿಚ್ಚಿ ಕೈಯಲ್ಲಿ ಹಿಡಿದು ಬೆರಳಾಡಿಸಿದರೆ ಆ ಇಳಿಜಾರು ಸ್ಪಷ್ಟವಾಗಿ ಸಿಗುತ್ತದೆ. ಚಕ್ರ ಎಂಜಿನ್ನನ್ನು ತಳ್ಳಲು ಶುರು ಮಾಡಿದ ತಕ್ಷಣ ಈ ಅಂಚುಗಳು ಒಂದರ ಮೇಲೊಂದು ಹತ್ತಿ ಪ್ರೆಶರ್ ಪ್ಲೇಟನ್ನು ಕೂದಲೆಳೆಯಷ್ಟು ಆಚೆ ತಳ್ಳುತ್ತವೆ, ಪ್ಲೇಟ್‌ಗಳ ಮೇಲಿನ ಒತ್ತಡ ಇಳಿಯುತ್ತದೆ, ಕ್ಲಚ್ ಸ್ವಲ್ಪ ಜಾರುತ್ತದೆ. ಲಿವರ್ ಅನ್ನು ಅರ್ಧ ಹಿಡಿದ ಹಾಗೆ. ಎಂಜಿನ್ ವೇಗ ಚಕ್ರಕ್ಕೆ ಹೊಂದಿಕೊಂಡ ಮೇಲೆ ತಾನೇ ಮತ್ತೆ ಕಚ್ಚಿಕೊಳ್ಳುತ್ತದೆ. ಸೆನ್ಸರ್ ಇಲ್ಲ, ಕಂಪ್ಯೂಟರ್ ಇಲ್ಲ. ಬರೀ ಲೋಹದ ಓರೆ!

ಈಗಿನ ಬೈಕ್‌ಗಳಲ್ಲಿ ‘ಅಸಿಸ್ಟ್ ಅಂಡ್ ಸ್ಲಿಪ್ಪರ್’ ಅಂತ ಬರೆದಿರುತ್ತಾರಲ್ಲ, ಅಲ್ಲಿ ಇನ್ನೊಂದು ಕಡೆಗೂ ಓರೆ ಇರುತ್ತದೆ. ಡಬ್ಬಿಯ ತಿರುಪು ಮುಚ್ಚಳದ ಥರ: ಒಂದು ಕಡೆ ತಿರುಗಿದರೆ ಸಡಿಲ, ಇನ್ನೊಂದು ಕಡೆ ಬಿಗಿ. ಎಂಜಿನ್ ಎಳೆಯುವಾಗ ಪ್ಲೇಟ್‌ಗಳು ತಾವೇ ಬಿಗಿಯಾಗುವುದರಿಂದ ಮೆದು ಸ್ಪ್ರಿಂಗ್ ಹಾಕಿದರೂ ಸಾಕು. ಲಿವರ್ ಹಗುರ. ನಿಜ ಹೇಳಬೇಕೆಂದರೆ, ಟ್ರಾಫಿಕ್‌ನಲ್ಲಿ ಒದ್ದಾಡುವ ನಿಮ್ಮಂಥವರಿಗೆ ದಿನಾ ಅನುಭವಕ್ಕೆ ಬರುವುದು ಇದೇ, ಆ ಸ್ಲಿಪ್ಪರ್ ಭಾಗ ಯಾವಾಗಲೋ ಒಮ್ಮೆ.

2018ರಲ್ಲಿ ಬಂದ ಯಮಹಾ ಆರ್15 ವಿ3ಯಲ್ಲಿ ಇದು ಇತ್ತು. ಡ್ಯೂಕ್ 390, ಡಾಮಿನಾರ್ 400, ಅಪಾಚೆ ಆರ್‌ಆರ್ 310, ಇಂಟರ್‌ಸೆಪ್ಟರ್ 650ರಲ್ಲೂ ಸ್ಲಿಪ್ಪರ್ ಕ್ಲಚ್ ಇದೆ. ಆದರೆ ಇದಕ್ಕೋಸ್ಕರ ಬೈಕ್ ಬದಲಾಯಿಸಬೇಡಿ. ಮೂರು ಗೇರ್ ಒಟ್ಟಿಗೆ ಇಳಿಸುವ ಬದಲು ಒಂದೊಂದಾಗಿ ಇಳಿಸಿ, ಕ್ಲಚ್ ಮೆಲ್ಲಗೆ ಬಿಡಿ, ಗೇರ್ ಇಳಿಸುವಾಗ ಆಕ್ಸಲರೇಟರ್ ಒಂಚೂರು ತಿರುವಿ. ಸ್ಲಿಪ್ಪರ್ ಇದ್ದರೂ 90ರ ವೇಗದಲ್ಲಿ ಒಂದನೇ ಗೇರ್‌ಗೆ ಇಳಿಸಿದರೆ ಎಂಜಿನ್ ಮಿತಿ ಮೀರಿ ತಿರುಗಿ ವಾಲ್ವ್ ಕೆಡಬಹುದು. ಸ್ಲಿಪ್ಪರ್ ಇದ್ದರೆ ಕ್ಲಚ್ ಹಿಡಿಯದೇ ಗೇರ್ ಇಳಿಸಬಹುದು ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಅದು ಕ್ವಿಕ್‌ಶಿಫ್ಟರ್ ಅನ್ನುವ ಬೇರೆಯೇ ಎಲೆಕ್ಟ್ರಾನಿಕ್ ಸಾಧನದ ಕೆಲಸ.

ಪ್ರಶ್ನೆ: ಚಾಮುಂಡಿ ಬೆಟ್ಟ ಇಳಿಯುವಾಗ ಸ್ಲಿಪ್ಪರ್ ಕ್ಲಚ್‌ನಿಂದ ಎಂಜಿನ್ ಬ್ರೇಕಿಂಗ್ ಹೋಗಿಬಿಡುತ್ತಾ?
– ಮೈಸೂರಿನ ಓದುಗರು

ಉತ್ತರ: ಇಲ್ಲ. ಹಠಾತ್ತಾಗಿ ಬರುವ ಜೋರು ಎಳೆತಕ್ಕೆ ಮಾತ್ರ ಅದು ಚೆನ್ನಾಗಿ ಸಡಿಲವಾಗುತ್ತದೆ. ಎರಡನೇ ಅಥವಾ ಮೂರನೇ ಗೇರ್‌ನಲ್ಲಿ ಒಂದೇ ಸಮ ಇಳಿಯುತ್ತಿದ್ದರೆ ಎಂಜಿನ್ ಹಿಡಿತ ಸಿಕ್ಕೇ ಸಿಗುತ್ತದೆ. ಪೆಟ್ರೋಲ್ ಉಳಿಸುತ್ತೇನೆ ಅಂತ ನ್ಯೂಟ್ರಲ್‌ನಲ್ಲಿ ಇಳಿಯುವವರಿಗೆ ಮಾತ್ರ ಯಾವ ಕ್ಲಚ್ಚೂ ಸಹಾಯ ಮಾಡಲ್ಲ.

ಪ್ರಶ್ನೆ: ಬ್ಯಾಟರಿ ಇಳಿದರೆ ಇಂಥ ಬೈಕನ್ನು ತಳ್ಳಿ ಸ್ಟಾರ್ಟ್ ಮಾಡಬಹುದಾ?
– ಮದ್ದೂರಿನ ಓದುಗರು

ಉತ್ತರ: ಮಾಡಬಹುದು, ಸ್ವಲ್ಪ ಕಷ್ಟ. ತಳ್ಳುವಾಗಲೂ ಎಂಜಿನ್ನನ್ನು ತಿರುಗಿಸುವುದು ಚಕ್ರವೇ, ಹಾಗಾಗಿ ಕ್ಲಚ್ ಜಾರಲು ನೋಡುತ್ತದೆ. ಎರಡನೇ ಅಥವಾ ಮೂರನೇ ಗೇರ್ ಹಾಕಿ ಪ್ರಯತ್ನಿಸಿ. ಇಂಧನ ಇಂಜೆಕ್ಷನ್ ಇರುವ ಬೈಕಿನಲ್ಲಿ ಬ್ಯಾಟರಿ ಪೂರ್ತಿ ಸತ್ತಿದ್ದರೆ ಸುಮ್ನೆ ಬೆವರು ಸುರಿಸಬೇಡಿ. ಪಂಪ್‌ಗೇ ಕರೆಂಟ್ ಇರಲ್ಲ.

ಪ್ರಶ್ನೆ: ಕಾರಿಗೆ ತಂದ ಎಂಜಿನ್ ಆಯಿಲ್ ಉಳಿದಿದೆ. ಬೈಕಿಗೆ ಹಾಕಲಾ?
– ಶ್ರೀರಂಗಪಟ್ಟಣದ ಓದುಗರು

ಉತ್ತರ: ಬೇಡ. ಬೈಕಿನ ಕ್ಲಚ್ ಪ್ಲೇಟ್‌ಗಳು ಅದೇ ಆಯಿಲ್‌ನಲ್ಲಿ ಮುಳುಗಿರುತ್ತವೆ. ಕಾರಿನ ಎಷ್ಟೋ ಆಯಿಲ್‌ಗಳಲ್ಲಿ ಘರ್ಷಣೆ ಕಡಿಮೆ ಮಾಡುವ ಅಂಶ ಇರುವುದರಿಂದ ಪ್ಲೇಟ್ ಕಚ್ಚದೇ ಜಾರುತ್ತದೆ. ಡಬ್ಬಿಯ ಮೇಲೆ ಜಾಸೊ ಎಂಎ ಅಥವಾ ಎಂಎ2 (ಇಂಥ ಕ್ಲಚ್‌ಗೆ ಹೊಂದುವ ಆಯಿಲ್ ಅಂತ ಸೂಚಿಸುವ ಜಪಾನಿನ ಗುಣಮಟ್ಟದ ಗುರುತು) ಅಂತ ಇದೆಯಾ ನೋಡಿ ತಗೊಳ್ಳಿ.